ಗಾಳಿ ಕುಡಿಯಲು ಮೇಲೇಳುವ ಮೀನು

ಬಿರುಬೇಸಿಗೆಯಲ್ಲಿ ಕೂಡ್ಲಿಗಿ ಸೀಮೆಯ ಕೆರೆಗಳ ನೀರು ಮೊಣಕಾಲುದ್ದಕ್ಕೆ ಇಳಿದಾಗ, ಜೊಂಡಿನ ಮಗ್ಗುಲಲ್ಲಿ 'ಗುಳುಂ' ಎಂಬ ಸದ್ದು ಕೇಳುತ್ತದೆ. ಹಾವಿನಂಥ ಚಪ್ಪಟೆ ತಲೆಯೊಂದು ಮೇಲೆ ಬಂದು, ಗಾಳಿ ನುಂಗಿ, ಮತ್ತೆ ಕೆಸರುನೀರಿಗೆ ಜಾರುತ್ತದೆ.

ಅದು ಕೊರಮೀನು. ಕಿವಿರುಗಳ ಮೇಲೆ ಅದಕ್ಕೊಂದು ಗೂಡಿದೆ. ಅದರ ಒಳಗೋಡೆಯ ತುಂಬ ನವಿರಾದ ರಕ್ತನಾಳಗಳು. ನುಂಗಿದ ಗಾಳಿ ಅಲ್ಲಿ ನಿಂತು ರಕ್ತಕ್ಕೆ ಆಮ್ಲಜನಕ ಕೊಡುತ್ತದೆ. ಬಲಿತ ಕೊರಮೀನಿಗೆ ಕಿವಿರಿನ ಉಸಿರೊಂದೇ ಸಾಲದು. ಬಲೆಗೆ ಸಿಕ್ಕು ಮೇಲೇಳಲಾಗದೆ ಹೋದರೆ, ಮೀನಾಗಿದ್ದೂ ಅದು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಉಸಿರಿನ ಬರ ಸಮುದ್ರಕ್ಕೂ ಇದೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದವರೆಗಿನ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೈಮೇಲೆ ಬೆಳಕಿನ ಚುಕ್ಕೆಗಳಿರುವ ಬೆರಳುದ್ದದ ಲಾಂದ್ರ ಮೀನುಗಳು ಹಗಲು ಆ ಕತ್ತಲಲ್ಲಿ ಅಡಗಿದ್ದು, ರಾತ್ರಿ ಮೇವಿಗಾಗಿ ನೂರಾರು ಮೀಟರ್ ಮೇಲೇರುತ್ತವೆ. ಕೊರಮೀನು ಏರುವುದು ಮೊಳದುದ್ದ. ಆದರೂ ಬದುಕಲು ಎರಡಕ್ಕೂ ಮೇಲೇಳಲೇಬೇಕು.

ಕೊಟ್ಟೂರು, ಹರಪನಹಳ್ಳಿ ಕಡೆಯ ಮಳೆಯಾಶ್ರಿತ ಕೆರೆಗಳಿಗೆ ಹೇಳಿ ಮಾಡಿಸಿದ ಮೀನು ಈ ಕೊರಮೀನು. ನೀರು ಪೂರಾ ಬತ್ತಿದರೂ ಕೆಸರಿನೊಳಗೆ ಹುದುಗಿ, ಮೈಕೊಬ್ಬು ಕರಗಿಸಿಕೊಂಡು ಮಳೆಗಾಗಿ ಕಾಯಬಲ್ಲದು. ಮೈ ಮತ್ತು ಕಿವಿರಿನ ತೇವ ಮಾತ್ರ ಆರಬಾರದು. ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಗಳಿಗೆ ತುಂಗಭದ್ರೆಯ ಆಸರೆ ಇದೆ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಹರಡಿಕೊಂಡು ಮೀನುಗಾರಿಕೆಯ ನಕ್ಷೆಯೇ ಬದಲಾಯಿತು. ಒಣಸೀಮೆಯ ಕೆರೆಗಳಿಗೆ ಆ ಭಾಗ್ಯ ಇರಲಿಲ್ಲ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ನದಿನೀರು ತುಂಬಿಸುವ ಯೋಜನೆ ಬಂದದ್ದು ಇತ್ತೀಚೆಗೆ.

ನೀರು ಬಂದರೆ ಮೀನುಮರಿ ಬಿಡುವುದೂ ಹೆಚ್ಚುತ್ತದೆ. ಕಾಟ್ಲಾ, ರೋಹು ಸಾಕುವವರಿಗೆ ಕೊರಮೀನು ಕಳ್ಳ. ಮರಿಗಳನ್ನು ನುಂಗುತ್ತದೆ, ನಿಜ. ಹಾಗೆಂದು ಅದನ್ನು ಕೆರೆಯಿಂದಲೇ ಅಳಿಸುವುದು ತಪ್ಪು. ಸಂತೆಯಲ್ಲಿ ತೊಟ್ಟಿಯೊಳಗೆ ಜೀವಂತವಾಗಿಯೇ ಮಾರಾಟವಾಗುವ, ಒಳ್ಳೆಯ ಬೆಲೆಯ ಮೀನು ಅದು. ಬೇಸಿಗೆಯಲ್ಲಿ ಹೂಳೆತ್ತುವವರು ಕೆರೆಯಂಗಳದ ತಗ್ಗಿನಲ್ಲಿ ಒಂದಿಷ್ಟು ಹಸಿ ಕೆಸರನ್ನೂ, ದಂಡೆಯ ಜೊಂಡನ್ನೂ ಉಳಿಸಿದರೆ ಸಾಕು.

ಜೊಂಡು ಬೇಕಿರುವುದು ಕೊರಮೀನುಗಳ ಸಂಸಾರಕ್ಕೆ. ಮುಂಗಾರಿನಲ್ಲಿ ಗಿಡಗಳ ನಡುವೆ ಜಾಗ ಬಿಡಿಸಿಕೊಂಡು ಮೊಟ್ಟೆಯಿಡುತ್ತವೆ. ಒಂದೆರಡು ದಿನದಲ್ಲಿ ಮರಿಯೊಡೆದು, ಮುಂದೆ ನೀರಿನ ಮೇಲ್ಮೈಯಲ್ಲಿ ಕೇಸರಿ ಬಣ್ಣದ ಗುಂಪೊಂದು ಕುದಿಯುವಂತೆ ಅಲುಗಾಡುತ್ತ ಸಾಗುತ್ತದೆ. ಅದರ ಕೆಳಗೇ ಕಾವಲಿಗೆ ದೊಡ್ಡ ಮೀನು.