ವ್ಯಾಪಾರ ಮೇಳ, ಸಮ್ಮೇಳನಗಳಿಗೆ ಪ್ರಯಾಣ: ಹೊಗೆ ಕಡಿಮೆ ಮಾಡುವುದು ಹೇಗೆ?

ವ್ಯಾಪಾರ ಮೇಳ, ಉದ್ಯಮಿಗಳ ಸಮ್ಮೇಳನ, ಸಮಾಜದ ಸಮಾವೇಶ ಎಂದು ನಮ್ಮ ಅನೇಕ ಕುಟುಂಬಗಳು ವರ್ಷದಲ್ಲಿ ಹಲವು ಬಾರಿ ದೂರದ ಊರಿಗೆ ಹೋಗಿಬರುತ್ತವೆ. ಇಂಥ ಕಾರ್ಯಕ್ರಮಗಳಲ್ಲಿ ಪ್ಲಾಸ್ಟಿಕ್ ಲೋಟ ಬೇಡ, ಫ್ಲೆಕ್ಸ್ ಬೇಡ ಎನ್ನುವುದು ಈಗ ರೂಢಿಯಾಗಿದೆ. ಒಳ್ಳೆಯದೇ. ಆದರೆ ದೂರದಿಂದ ಜನ ಬರುವ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಹೆಚ್ಚು ಇಂಗಾಲ ಗಾಳಿಗೆ ಸೇರುವುದು ಸಭಾಂಗಣದಲ್ಲಿ ಅಲ್ಲ, ದಾರಿಯಲ್ಲಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಡೀಸೆಲ್ ಆದರೆ ಸುಮಾರು 2.7 ಕೆ.ಜಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 410 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರು ಒಂದು ಕಡೆಯ ಪ್ರಯಾಣಕ್ಕೆ 63 ಕೆ.ಜಿ.ಯಷ್ಟು ಬಿಡುತ್ತದೆ. ಒಬ್ಬರೇ ಹೋದರೆ ಅಷ್ಟೂ ಅವರ ಲೆಕ್ಕಕ್ಕೆ. ನಾಲ್ವರು ಕೂಡಿ ಹೋದರೆ ತಲೆಗೆ 16. ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಬಸ್ಸಿನಲ್ಲಿ 40 ಜನ ಇದ್ದರೆ ತಲೆಗೆ ಸುಮಾರು 7 ಮಾತ್ರ. ಯಾವ ವಾಹನ ಎನ್ನುವಷ್ಟೇ ಅದರಲ್ಲಿ ಎಷ್ಟು ಜನ ಎನ್ನುವುದೂ ಮುಖ್ಯ.

ವಿಮಾನ ಹೆಚ್ಚು ಇಂಧನ ಸುಡುವುದು ಮೇಲೇರುವಾಗ. ಆದ್ದರಿಂದ ದೂರ ಕಡಿಮೆಯಾದಷ್ಟೂ ಕಿಲೋಮೀಟರ್ ಲೆಕ್ಕದಲ್ಲಿ ಅದು ದುಬಾರಿ. ರಾಜ್ಯದೊಳಗಿನ ಪ್ರಯಾಣಕ್ಕೆ ವಿಮಾನ ಬೇಕೇ ಎಂದು ಯೋಚಿಸಬೇಕು. ದೆಹಲಿಯ ಮಾತು ಬೇರೆ. ಬೆಂಗಳೂರಿನಿಂದ ರಾಜಧಾನಿ ಎಕ್ಸ್‌ಪ್ರೆಸ್‌ನಲ್ಲೂ ಸುಮಾರು 33 ಗಂಟೆ ಬೇಕು, ಅಂಗಡಿ ಬಿಟ್ಟು ಎಲ್ಲರಿಗೂ ಅದು ಆಗದು. ಅಲ್ಲಿ ಎರಡು ಮೂರು ಕೆಲಸಗಳನ್ನು ಒಂದೇ ಪ್ರಯಾಣಕ್ಕೆ ಸೇರಿಸಿಕೊಳ್ಳಬಹುದು. ವಿಮಾನದಲ್ಲಿ ಹೋಗಿ ಬಂದು ಗಿಡ ನೆಟ್ಟರೆ ಸರಿಹೋಯಿತು ಎನ್ನುವವರಿದ್ದಾರೆ. ಆ ಗಿಡ ಮರವಾಗಲು ವರ್ಷಗಳೇ ಬೇಕು, ಹೊಗೆ ಇಂದೇ ಸೇರಿರುತ್ತದೆ.

ರೈಲು ನಮ್ಮ ಆಚಾರಕ್ಕೂ ಹೊಂದುತ್ತದೆ. ಸೂರ್ಯಾಸ್ತಕ್ಕೆ ಮೊದಲು ಮನೆಯಲ್ಲೇ ಊಟ ಮುಗಿಸಿ ರಾತ್ರಿ ಹೊರಟರೆ ದಾರಿಯಲ್ಲಿ ಆಹಾರದ ಚಿಂತೆಯಿಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದ ಮೇಳಗಳಿಗೆ ಹೋಗುವವರು ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಸಾಕು. 2024ರ ನವೆಂಬರ್‌ನಿಂದ ಅದು ಮಾದಾವರದವರೆಗೂ ಓಡುತ್ತಿದೆ.

ಶ್ರಾವಕರಿಗೆ ಈ ವಿಚಾರ ಹೊಸತಲ್ಲ. ದಿಗ್ವ್ರತದಲ್ಲಿ ಓಡಾಟದ ಎಲ್ಲೆಯನ್ನು ನಾವೇ ಹಾಕಿಕೊಳ್ಳುತ್ತೇವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ತಿರುಗುವುದನ್ನಷ್ಟೇ ಅಲ್ಲ, ಇತರರನ್ನು ತಿರುಗಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸುತ್ತದೆ. ಈ ಎರಡನೆಯ ಮಾತನ್ನು ಸಂಘಟಕರು ಗಮನಿಸಬೇಕು. ಒಂದು ಗಂಟೆಯ ಪದಾಧಿಕಾರಿಗಳ ಸಭೆಗೆ ಎಂಟು ಜಿಲ್ಲೆಗಳಿಂದ ಎಂಟು ಕಾರು ಬರುವ ಬದಲು ವಿಡಿಯೊ ಕರೆ ಸಾಕಲ್ಲವೇ? ಮುಖಾಮುಖಿಯಾಗಿಯೇ ಆಗಬೇಕಾದ ಸಮ್ಮೇಳನವಿದ್ದರೆ ಸಭಾಂಗಣವನ್ನು ರೈಲು ಅಥವಾ ಮೆಟ್ರೊ ನಿಲ್ದಾಣದ ಬಳಿ ನೋಡಿ. ಆಮಂತ್ರಣದಲ್ಲಿ ವಾಹನ ನಿಲುಗಡೆಯ ಜೊತೆಗೆ ರೈಲಿನ ವೇಳೆಯನ್ನೂ ಮುದ್ರಿಸಿ. ಒಂದೇ ಊರಿನವರ ಹೆಸರು ಮೊದಲೇ ತಿಳಿಸಿದರೆ ಅವರು ಕೂಡಿ ಬರುತ್ತಾರೆ. ಬೆಳಗಿನ ರೈಲು ಇಳಿದವರಿಗೆ ಸ್ನಾನಕ್ಕೆ ವ್ಯವಸ್ಥೆ ಇರಲಿ. ಸಮಾರೋಪ ಸಂಜೆ ನಾಲ್ಕೂವರೆಗೆ ಮುಗಿದರೆ, ಐದಕ್ಕೆ ಊಟ ಬಡಿಸಿ ಎಲ್ಲರನ್ನೂ ರಾತ್ರಿಯ ರೈಲಿಗೆ ಕಳಿಸಿಕೊಡಬಹುದು.