ಮೊಣಕಾಲು ಮುರಿಯುವುದು ಪ್ಲಾಸ್ಟಿಕ್ ಹುಲ್ಲೇ?

ಕೃತಕ ಹುಲ್ಲಿನ ಮೇಲೆ ಫುಟ್‌ಬಾಲ್ ಆಡಿದರೆ ಮೊಣಕಾಲು ಹೋಯಿತೆಂದೇ ಲೆಕ್ಕ, ಸಹಜ ಹುಲ್ಲಾದರೆ ಭಯವಿಲ್ಲ ಎಂಬ ಮಾತು ಪುರಾವೆಯೇ ಬೇಡದ ಸತ್ಯದಂತೆ ಓಡಾಡುತ್ತಿದೆ. ಪುರಾವೆ ಹುಡುಕಿ ಹೊರಟರೆ ಸಿಗುವುದು ಬೇರೆಯೇ. ಸ್ವೀಡನ್ನಿನ ಯಾನ್ ಎಕ್‌ಸ್ಟ್ರಾಂಡ್ ಮತ್ತು ಸಂಗಡಿಗರು ಯುರೋಪಿನ 10 ಉನ್ನತ ದರ್ಜೆಯ ಕ್ಲಬ್‌ಗಳ ಆಟಗಾರರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಬಗೆಯ ಅಂಕಣಗಳಲ್ಲಿ ಒಟ್ಟು ಗಾಯಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಪಾದದ ಕೀಲು ಉಳುಕುವುದು ಮಾತ್ರ ಕೃತಕ ಹುಲ್ಲಿನಲ್ಲಿ ಹೆಚ್ಚು. ಅದನ್ನು ಮುಚ್ಚಿಡಬೇಕಿಲ್ಲ, ಆದರೆ ಉಳುಕಿದ ಪಾದವನ್ನು ಮುರಿದ ಮೊಣಕಾಲಾಗಿ ಹಿಗ್ಗಿಸುವುದೂ ಸಲ್ಲದು.

ಹಾಗಾದರೆ ಅಮೆರಿಕದ ಅಂಕಿಅಂಶ ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 2012ರಿಂದ 2016ರವರೆಗಿನ ಪಂದ್ಯಗಳಲ್ಲಿ ಕೃತಕ ಹುಲ್ಲಿನ ಮೇಲೆ ಕಾಲಿನ ಗಾಯಗಳು ಶೇ 16ರಷ್ಟು ಹೆಚ್ಚಿದ್ದವು, ನಿಜ. ಆದರೆ ಅದು ನೂರು ಕಿಲೋ ದಾಟಿದ ದೇಹಗಳು ಒಂದಕ್ಕೊಂದು ಗುದ್ದಿಕೊಳ್ಳುವ ಬೇರೆಯೇ ಆಟ. ಅದರ ಲೆಕ್ಕವನ್ನು ನಮ್ಮ ಫುಟ್‌ಬಾಲಿಗೆ ನೇರವಾಗಿ ಹಚ್ಚಲಾಗದು. ಇನ್ನೊಂದು ಗೊಂದಲ ಹಳೆಯದು. 1981ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಹಾಸಿದ್ದು ಗಟ್ಟಿ ನೆಲದ ಮೇಲಿನ ಜಮಖಾನೆ. ಚೆಂಡು ತಲೆಯೆತ್ತರ ಪುಟಿಯುತ್ತಿತ್ತು, ಜಾರಿದವರ ಚರ್ಮ ಸುಲಿಯುತ್ತಿತ್ತು. ಇಂದಿನದು ಉದ್ದ ಎಳೆಗಳ ನಡುವೆ ಮರಳು, ರಬ್ಬರ್ ಹರಳು ತುಂಬಿದ ಹಾಸು. ಅದರ ಪಾಪವನ್ನು ಇದರ ತಲೆಗೆ ಕಟ್ಟುವುದು ಅನ್ಯಾಯ.

ಆಟಗಾರರೇ ದೂರುತ್ತಾರಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. 2015ರ ಮಹಿಳಾ ವಿಶ್ವಕಪ್ ಕೆನಡಾದಲ್ಲಿ ಪೂರ್ತಿ ಕೃತಕ ಅಂಕಣಗಳಲ್ಲೇ ನಡೆಯುವುದೆಂದಾದಾಗ ಆಟಗಾರ್ತಿಯರು ಕಾನೂನು ಹೋರಾಟಕ್ಕಿಳಿದಿದ್ದರು. ಪುರುಷರ ವಿಶ್ವಕಪ್‌ಗೆ ಸಹಜ ಹುಲ್ಲು, ನಮಗೇಕಿಲ್ಲ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಬಿಸಿಲಿಗೆ ಈ ಹಾಸು 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಚೆಂಡಿನ ಓಟ ಬದಲಾಗುತ್ತದೆ. 2025–26ರಿಂದ ನೆದರ್ಲೆಂಡ್ಸ್‌ನ ಅಗ್ರ ಲೀಗ್ ಇದನ್ನು ಕೈಬಿಟ್ಟಿದೆ. ಬೇಡ ಎನ್ನಲು ಇಷ್ಟು ಕಾರಣ ಸಾಕು, ಇಲ್ಲದ ಭಯ ಹುಟ್ಟಿಸಬೇಕಿಲ್ಲ.

ಇನ್ನುಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಬೇಡ. ದೊಡ್ಡ ಕ್ರೀಡಾಂಗಣಗಳಲ್ಲೆಲ್ಲ ಅಪ್ಪಟ ಹುಲ್ಲೇ ಎನ್ನುವವರಿದ್ದಾರೆ; ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ್ದೇ ಅಪ್ಪಟ ಹುಲ್ಲಲ್ಲ, ಬೇರುಗಳ ನಡುವೆ ಪ್ಲಾಸ್ಟಿಕ್ ಎಳೆ ಹೊಲಿದ ಮಿಶ್ರ ಅಂಕಣ. ನಾರ್ವೆಯ ಬೋಡೊ/ಗ್ಲಿಮ್ಟ್ ತಂಡ ತನ್ನ ತವರಿನ ಪ್ಲಾಸ್ಟಿಕ್ ಹಾಸಿನ ಬಲದಿಂದಷ್ಟೇ ಗೆಲ್ಲುವುದಾಗಿದ್ದರೆ, 2022ರಲ್ಲಿ ಗ್ಲಾಸ್ಗೊಗೆ ಹೋಗಿ ಸೆಲ್ಟಿಕ್ ತಂಡವನ್ನು 3–1ರಿಂದ ಸೋಲಿಸುತ್ತಿರಲಿಲ್ಲ.

ನನಗೆ ಸಿಟ್ಟು ಬರುವುದು ನಾವು ಸಾಕ್ಷಿಯನ್ನು ಆರಿಸಿಕೊಳ್ಳುವ ರೀತಿಗೆ. 2023ರ ಸೆಪ್ಟೆಂಬರಿನಲ್ಲಿ ಎನ್‌ಎಫ್‌ಎಲ್ ಆಟಗಾರ ಆರನ್ ರಾಡ್ಜರ್ಸ್‌ನ ಹಿಮ್ಮಡಿಯ ಸ್ನಾಯುರಜ್ಜು ಕೃತಕ ಹುಲ್ಲಿನ ಮೇಲೆ ಹರಿದಾಗ ಬೆರಳು ಕೂಡಲೇ ಹಾಸಿನತ್ತ ತಿರುಗಿತು. ಮುಂದಿನ ತಿಂಗಳು ಮಾಂಟೆವಿಡಿಯೊದಲ್ಲಿ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ನೇಮಾರ್‌ನ ಮೊಣಕಾಲಿನ ಲಿಗಮೆಂಟ್ ಹರಿದದ್ದು ಸಹಜ ಹುಲ್ಲಿನ ಮೇಲೆ. ಆಗ ಅದು ದುರದೃಷ್ಟ. ಒಂದೇ ಬಗೆಯ ಘಟನೆ ಒಮ್ಮೆ ಪುರಾವೆ, ಇನ್ನೊಮ್ಮೆ ಹಣೆಬರಹ ಆಗುವುದಾದರೆ ಅಧ್ಯಯನಗಳಿಗೆ ಬೆಲೆಯೇನು? ಬೆಂಗಳೂರಿನ ಬಾಡಿಗೆ ಟರ್ಫ್‌ಗಳಿಗೆ ಮಕ್ಕಳನ್ನು ಕಳಿಸುವ ಪೋಷಕರು ಹುಲ್ಲು ಅಸಲಿಯೋ ನಕಲಿಯೋ ಎಂದು ಚಿಂತಿಸುವ ಬದಲು, ರಬ್ಬರ್ ಹರಳು ಕೊನೆಯ ಸಲ ತುಂಬಿದ್ದು ಯಾವಾಗ, ಎಳೆಗಳು ಸವೆದು ಮಲಗಿವೆಯೇ, ಮಗುವಿನ ಶೂಗಳ ಸ್ಟಡ್ ಆ ಹಾಸಿಗೆ ಹೊಂದುತ್ತದೆಯೇ ಎಂದು ಕೇಳಲಿ.