ಬೀಜವಿಲ್ಲದ ಬಾಳೆಯ ಬೆನ್ನು ಬಿದ್ದ ಶಿಲೀಂಧ್ರ

ಅಲೈಂಗಿಕ ಸಂತಾನೋತ್ಪತ್ತಿ ಅಂದ ತಕ್ಷಣ ನಿಮ್ಮಲ್ಲಿ ಹಲವರಿಗೆ ಹೈಸ್ಕೂಲಿನ ಪುಸ್ತಕ ನೆನಪಾಗಿರಬಹುದು. ಅಮೀಬಾ ಎರಡಾಗಿ ಸೀಳೋದು, ಹೈಡ್ರಾ ಮೈಮೇಲೆ ಮೊಗ್ಗು ಮೂಡೋದು, ಕಾಡುಬಸಳೆ ಎಲೆಯ ಅಂಚಿನಲ್ಲಿ ಪುಟ್ಟ ಸಸಿಗಳು ಏಳೋದು. ಚಿತ್ರ ಬರೆದು ಭಾಗ ಗುರುತಿಸಿ ಅಂಕ ತಗೊಂಡದ್ದೂ ಆಯ್ತು. ಇವತ್ತು ಆ ಪಟ್ಟಿಯನ್ನೆಲ್ಲ ಮತ್ತೆ ಓದೋದು ಬೇಡ. ಒಂದೇ ಗಿಡವನ್ನು ಹಿಡಿದು ಕೂರೋಣ: ಬಾಳೆ.

ನೀವು ದುಬೈನಲ್ಲಿರಿ, ಡಲ್ಲಾಸ್‌ನಲ್ಲಿರಿ, ಲಂಡನ್‌ನಲ್ಲಿರಿ, ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಉದ್ದನೆಯ ಹಳದಿ ಬಾಳೆಹಣ್ಣು ಹೆಚ್ಚೂಕಮ್ಮಿ ಯಾವಾಗಲೂ ಕ್ಯಾವೆಂಡಿಶ್ ಗುಂಪಿನದೇ. ಊರಲ್ಲಿ ಪಚ್ಚಬಾಳೆ ಅಂತೀವಲ್ಲ, ಅದೇ ಬಳಗ. ಈ ಹೆಸರು ಬಂದದ್ದು ಇಂಗ್ಲೆಂಡಿನಿಂದ. 1830ರ ದಶಕದಲ್ಲಿ ಡೆವನ್‌ಶೈರ್‌ನ ಆರನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್ ಅವರ ಚಾಟ್ಸ್‌ವರ್ತ್ ತೋಟದಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಗಾಜಿನ ಮನೆಯೊಳಗೆ ಈ ಬಾಳೆಯನ್ನು ಬೆಳೆಸಿದ. ಬೆಳೆಸಿದವನು ತೋಟಗಾರ, ಹೆಸರು ಮಾತ್ರ ಯಜಮಾನನದು!

ಈ ಹಣ್ಣಿನೊಳಗೆ ಬೀಜ ಯಾಕಿಲ್ಲ? ಕಾಡುಬಾಳೆಯನ್ನು ಬಿಡಿಸಿ ನೋಡಿದವರಿಗೆ ಗೊತ್ತು, ಅದರಲ್ಲಿ ಹಲ್ಲು ಮುರಿಯುವಂಥ ಕಪ್ಪು ಬೀಜಗಳೇ ತುಂಬಿರುತ್ತವೆ. ಬಾಳೆಯ ಒಂದು ಜೊತೆ ಅಂದರೆ 11 ಕ್ರೋಮೋಸೋಮ್. ಕಾಡುಬಾಳೆಯಲ್ಲಿ ಅಂಥ ಎರಡು ಜೊತೆ ಇವೆ, ಕ್ಯಾವೆಂಡಿಶ್‌ನಲ್ಲಿ ಮೂರು, ಒಟ್ಟು 33. ಪರಾಗ ಮತ್ತು ಅಂಡ ತಯಾರಾಗಬೇಕಾದರೆ ಕ್ರೋಮೋಸೋಮ್‌ಗಳು ಜೋಡಿಯಾಗಿ, ಆಮೇಲೆ ಸಮನಾಗಿ ಬೇರೆಯಾಗಬೇಕು. ಮೂರನ್ನು ಇಬ್ಬರಿಗೆ ಸಮ ಹಂಚೋದು ಹೇಗೆ? ಹಾಗಾಗಿ ಬೀಜ ಕಟ್ಟೋದೇ ಇಲ್ಲ. ಆದರೂ ಪರಾಗಸ್ಪರ್ಶದ ಹಂಗಿಲ್ಲದೆ ಕಾಯಿ ದಪ್ಪಗಾಗುತ್ತೆ. ಹಣ್ಣಿನ ನಡುವೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳಿವೆಯಲ್ಲ, ಅವೇ ಬೀಜವಾಗದೆ ಉಳಿದ ಅಂಡಕಗಳು.

ಬೀಜವಿಲ್ಲದ ಗಿಡವನ್ನು ಮುಂದುವರಿಸಲು ಉಳಿದ ದಾರಿ ಕಂದು. ತಾಯಿಗಿಡ ಒಂದೇ ಗೊನೆ ಕೊಟ್ಟು ಸಾಯುತ್ತೆ, ಆದರೆ ಅಷ್ಟರಲ್ಲಿ ಅದರ ಗೆಡ್ಡೆಯಿಂದ ಪಕ್ಕದಲ್ಲೇ ಕಂದುಗಳು ಎದ್ದಿರುತ್ತವೆ. ಒಂದನ್ನು ಕಿತ್ತು ಬೇರೆ ಕಡೆ ನೆಟ್ಟರೆ ಅದು ತಾಯಿಯ ನಕಲೇ. ಮನುಷ್ಯರು ಬಾಳೆ ಬೆಳೆಸಿದ್ದಕ್ಕೆ ನ್ಯೂಗಿನಿಯ ಕುಕ್ ಎಂಬಲ್ಲಿ ಸುಮಾರು 6,500 ವರ್ಷಕ್ಕೂ ಹಿಂದಿನ ಕುರುಹು ಸಿಕ್ಕಿದೆ. ರುಚಿಯಾದದ್ದನ್ನು ಆರಿಸಿ, ಅದರ ಕಂದನ್ನೇ ನೆಡುತ್ತಾ ಬಂದಿದ್ದೇವೆ. ರುಚಿ ಬದಲಾಗಬಾರದು ಅನ್ನೋರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ.

ಕ್ಯಾವೆಂಡಿಶ್‌ಗಿಂತ ಮೊದಲು ರಫ್ತು ಮಾರುಕಟ್ಟೆಯನ್ನು ಆಳಿದ್ದು ಗ್ರೋ ಮಿಶೆಲ್ ಎಂಬ ತಳಿ. ಅದಕ್ಕೆ ಪನಾಮಾ ಸೊರಗು ರೋಗ ತಗಲಿತು. ಕಾರಣ, ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ. ಇದು ಬೇರಿನಿಂದ ಒಳಗೆ ಹೊಕ್ಕು ನೀರು ಸಾಗಿಸುವ ನಾಳಗಳಲ್ಲಿ ಬೆಳೆಯುತ್ತೆ. ನಾಳ ಕಟ್ಟಿಕೊಂಡು ಗಿಡ ನೀರಿದ್ದೂ ಬಾಯಾರಿ ಸಾಯುತ್ತೆ: ಹಳೆಯ ಎಲೆಗಳು ಮೊದಲು ಹಳದಿಯಾಗಿ ದಿಂಡಿನ ಸುತ್ತ ಜೋತುಬೀಳುತ್ತವೆ, ದಿಂಡು ಕೊಯ್ದರೆ ಒಳಗೆ ಕೆಂಪು-ಕಂದು ಬಣ್ಣ. ರೋಗ ತಗಲಿದ ಗಿಡವನ್ನು ಉಳಿಸುವ ಔಷಧಿ ಇಲ್ಲ, ಶಿಲೀಂಧ್ರದ ಗಟ್ಟಿ ಬೀಜಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಕಾದಿರುತ್ತವೆ. 1960ರ ಹೊತ್ತಿಗೆ ರಫ್ತು ಕಂಪನಿಗಳು ಗ್ರೋ ಮಿಶೆಲ್ ಕೈಬಿಟ್ಟು, ಈ ರೋಗಕ್ಕೆ ಬಗ್ಗದ ಕ್ಯಾವೆಂಡಿಶ್ ಕಡೆ ಹೊರಳಬೇಕಾಯಿತು.

ನಮ್ಮ ನಂಜನಗೂಡು ರಸಬಾಳೆಯ ಕಥೆಯೂ ಇದೇ. ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಹೆಸರಿದೆ, ಬೇಡಿಕೆಯಿದೆ. ಬೆಳೆಯುವ ಜಾಗ ಮಾತ್ರ ಸೊರಗು ರೋಗದಿಂದ ಕುಗ್ಗುತ್ತಾ ಹೋಯಿತು.

ಈಗ ಕ್ಯಾವೆಂಡಿಶ್ ಸರದಿ. ಶಿಲೀಂಧ್ರದ ಹೊಸ ಬಗೆ ಟಿಆರ್4 ಆಗ್ನೇಯ ಏಷ್ಯಾದ ತೋಟಗಳನ್ನು ಹಾಳುಮಾಡಿ, ಆಸ್ಟ್ರೇಲಿಯಾ, ಜೋರ್ಡಾನ್, ಮೊಜಾಂಬಿಕ್ ದಾಟಿ 2019ರಲ್ಲಿ ಕೊಲಂಬಿಯಾದಲ್ಲಿ, 2021ರಲ್ಲಿ ಪೆರುವಿನಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಬಿಹಾರ, ಉತ್ತರ ಪ್ರದೇಶಗಳಲ್ಲಿ ಸಿಕ್ಕಿದೆ.

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಹೇಳೋ ಮಾತು: "ನಕಲುಗಳಿಗೆ ವೈವಿಧ್ಯ ಇಲ್ಲ, ಅದಕ್ಕೇ ಸೋಲುತ್ತವೆ." ನಮಗೆ ಇದು ಅರ್ಧ ಉತ್ತರ ಅನ್ನಿಸುತ್ತೆ. ಯಾಕಂದ್ರೆ ಗೆಲ್ಲುತ್ತಿರುವ ಶಿಲೀಂಧ್ರವೂ ಅಲೈಂಗಿಕವೇ! ಈ ಜಾತಿಯಲ್ಲಿ ಲೈಂಗಿಕ ಹಂತವನ್ನು ಇದುವರೆಗೆ ಯಾರೂ ಕಂಡಿಲ್ಲ, ಜಗತ್ತಿನೆಲ್ಲೆಡೆಯ ಟಿಆರ್4 ಕೂಡ ಬಹುಮಟ್ಟಿಗೆ ಒಂದೇ ವಂಶದ ನಕಲು. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಒಂದು, ಸಂಖ್ಯೆಯಲ್ಲಿ. ಬಾಳೆ ಒಂದು ಬೆಳೆಗೆ ಬೆರಳೆಣಿಕೆಯ ಕಂದು ಕೊಟ್ಟರೆ ಶಿಲೀಂಧ್ರದ ಬೀಜಕಣಗಳಿಗೆ ಲೆಕ್ಕವಿಲ್ಲ, ನಕಲು ಹೆಚ್ಚಾದಷ್ಟೂ ನಕಲಿನ ತಪ್ಪುಗಳು, ಅಂದರೆ ಮ್ಯುಟೇಶನ್‌ಗಳು, ಹೆಚ್ಚು. ಎರಡು, ಟೊಮ್ಯಾಟೊಗೆ ತಗಲುವ ಇದರ ಸೋದರ ಬಗೆಯಲ್ಲಿ ಒಂದು ತಳಿಯ ಇಡೀ ಕ್ರೋಮೋಸೋಮ್ ಇನ್ನೊಂದಕ್ಕೆ ದಾಟಿ, ರೋಗ ತರುವ ಶಕ್ತಿಯನ್ನೂ ಒಯ್ಯಬಲ್ಲದು ಅಂತ 2010ರಲ್ಲಿ ಪ್ರಯೋಗದಲ್ಲಿ ತೋರಿಸಿದ್ದಾರೆ. ಮೂರು, ಬಾಳೆಯಲ್ಲಿ ತಪ್ಪು ನಕಲು ಹುಟ್ಟಿದರೂ "ಇದು ಬೇರೆ ಥರ ಇದೆ" ಅಂತ ಕಿತ್ತು ಬಿಸಾಡೋರು ನಾವೇ.

ತೈವಾನ್‌ನ ಸಂಶೋಧಕರು ಹಾಗೆ ಬಿಸಾಡಲಿಲ್ಲ. ಅಂಗಾಂಶ ಕೃಷಿಯಲ್ಲಿ ಸಾವಿರಾರು ಸಸಿ ಬೆಳೆಸುವಾಗ ತಾನಾಗೇ ಬರುವ ವ್ಯತ್ಯಾಸಗಳನ್ನು ರೋಗ ಇರುವ ಮಣ್ಣಿನಲ್ಲೇ ನೆಟ್ಟು, ಬದುಕಿದ್ದನ್ನು ಆರಿಸಿದರು. ಟಿಆರ್4 ಅನ್ನು ಒಂದಷ್ಟು ತಡೆದುಕೊಳ್ಳುವ ಕ್ಯಾವೆಂಡಿಶ್‌ಗಳು ಸಿಕ್ಕಿದ್ದು ಹೀಗೆ. ಆಸ್ಟ್ರೇಲಿಯಾದಲ್ಲಿ ಜೇಮ್ಸ್ ಡೇಲ್ ಅವರ ತಂಡ ಕಾಡುಬಾಳೆಯ ಒಂದು ಜೀನನ್ನು ಕ್ಯಾವೆಂಡಿಶ್‌ಗೆ ಸೇರಿಸಿತು. 2024ರಲ್ಲಿ ಅದಕ್ಕೆ ಅಲ್ಲಿ ಅನುಮತಿಯೂ ಸಿಕ್ಕಿತು. ನಮಗಂತೂ ತೈವಾನ್ ದಾರಿ ಹೆಚ್ಚು ಇಷ್ಟ. ಅಲ್ಲಿ ಹೊರಗಿನಿಂದ ಏನೂ ತರಲಿಲ್ಲ, ನಕಲಿನೊಳಗಿದ್ದ ತಪ್ಪನ್ನೇ ಹುಡುಕಿದರು.

ಕೊನೆಗೆ, ವಿದೇಶದಲ್ಲಿ ಹಿತ್ತಲಿರುವ ಕೇಳುಗರಿಗೆ ಒಂದು ಮಾತು. ರಜೆಗೆ ಊರಿಗೆ ಹೋದಾಗ ಒಂದು ಕಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕೋ ಆಸೆ ಯಾರಿಗಿಲ್ಲ! ಈ ರೋಗ ದೂರ ಹೋಗೋದು ಮುಖ್ಯವಾಗಿ ಕಂದಿನ ಜೊತೆ, ಮಣ್ಣಿನ ಜೊತೆ, ಬೂಟಿಗೆ ಅಂಟಿದ ಕೆಸರಿನ ಜೊತೆ. ಬೇಕೇಬೇಕೆಂದರೆ ನೀವಿರುವ ದೇಶದ ನರ್ಸರಿಯಲ್ಲಿ ಅಂಗಾಂಶ ಕೃಷಿಯ ಸಸಿ ಕೇಳಿ, ಅಲ್ಲಿನ ನಿಯಮವನ್ನೂ ವಿಚಾರಿಸಿ. ಸೋಂಕಿರುವ ಕಂದು ಎಷ್ಟೋ ಸಲ ನೋಡೋಕೆ ಹಚ್ಚಹಸಿರಾಗೇ ಇರುತ್ತೆ.